ಗಾಂಧಿ ಚೌಕದಾಗ ಗಾಡಿ ಎಲ್ಲಿ ಹಚ್ಚಬೇಕು? ಪಾರ್ಕಿಂಗ್ ನಿಯಮ ಯಾರು ಮಾಡ್ತಾರ, ದಂಡ ಯಾರ ಕೈಯಾಗ ಐತಿ: ಇಲ್ಲಿದೆ ಪೂರ್ತಿ ಮಾಹಿತಿ

ವಿಜಯಪುರ: ನಿಡೋಣಿ, ಬಬಲೇಶ್ವರ, ತಿಕೋಟಾ ಕಡೆಯಿಂದ ಬೈಕ್ ಮೇಲೆ ಸಿಟಿಗೆ ಬರೋ ಮಂದಿಗೆ ಗಾಂಧಿ ಚೌಕ ಮುಟ್ಟಿದ ಕೂಡಲೇ ಒಂದೇ ಚಿಂತಿ. ಗಾಡಿ ಎಲ್ಲಿ ಹಚ್ಚೋದು? ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆ ಒಳಗ ಹತ್ತು ನಿಮಿಷದ ಕೆಲಸ ಇರ್ತದ, ಗಾಡಿಗೆ ಜಾಗ ಹುಡುಕೋದಕ್ಕ ಅರ್ಧ ತಾಸು ಹೋಗ್ತದ. ಸಿಕ್ಕಲ್ಲಿ ಹಚ್ಚಿ ಹೋದ್ರ ವಾಪಸ್ ಬರೋ ಹೊತ್ತಿಗೆ ಮೊಬೈಲಿಗೆ ಚಲನ್ ಬಂದಿರ್ತದ, ಇಲ್ಲಾ ಗಾಡಿನೇ ಇರಂಗಿಲ್ಲ.

ಪಾರ್ಕಿಂಗ್ ವಿಷಯ ಪಾಲಿಕೆ ಸಭೆಯಲ್ಲಿ ಚರ್ಚೆಗೆ ಬಂದಾಗಲೆಲ್ಲ ಎರಡು ಮಾತು ಜೋರಾಗಿ ಕೇಳಿಬರ್ತವೆ. ಒಂದು, 'ದಂಡ ಹೆಚ್ಚು ಮಾಡಿ, ಶಿಸ್ತು ಬರಲಿ'. ಇನ್ನೊಂದು, 'ದಂಡ ಕಡಿಮೆ ಮಾಡಿ, ಬಡವರಿಗೆ ಹೊರೆ ಆಗ್ತದ'. ಆದರೆ ರಸ್ತೆ ಮೇಲಿನ ನೋ ಪಾರ್ಕಿಂಗ್ ದಂಡವನ್ನ ಒಂದು ರೂಪಾಯಿ ಹೆಚ್ಚು ಮಾಡೋದಾಗಲಿ, ಕಡಿಮೆ ಮಾಡೋದಾಗಲಿ ಮಹಾನಗರ ಪಾಲಿಕೆಗೆ ಸಾಧ್ಯ ಇಲ್ಲ. ಆ ಅಧಿಕಾರ ಅದರ ಕೈಯಾಗೇ ಇಲ್ಲ. ಪಾಲಿಕೆ ಕೈಯಾಗ ಇರೋದು ಬೇರೆ, ಮತ್ತು ಅದು ಸಣ್ಣದೇನಲ್ಲ.

ದಂಡದ ಲೆಕ್ಕ ಎಲ್ಲಿಂದ ಬರ್ತದ

ದಂಡ ಬರೋದು 1988ರ ಮೋಟಾರು ವಾಹನ ಕಾಯ್ದೆಯಿಂದ. ಇದು ಕೇಂದ್ರದ ಕಾಯ್ದೆ. 2019ರ ತಿದ್ದುಪಡಿ ಆಗೋತನಕ ಸಾಮಾನ್ಯ ತಪ್ಪಿಗೆ ಮೊದಲ ಸಲ 100 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 300 ರೂಪಾಯಿ ತನಕ ದಂಡ ಇತ್ತು. 2019ರ ಸೆಪ್ಟೆಂಬರ್ 1ರಿಂದ ಅದೇ ಕಲಂ 177ರ ಕೆಳಗೆ ಮೊದಲ ಸಲಕ್ಕೆ 500, ಎರಡನೇ ಸಲದಿಂದ 1500 ರೂಪಾಯಿ ತನಕ ಹಾಕಬಹುದು. ಆಗಲೇ ಹೊಸದಾಗಿ ಸೇರಿದ ಕಲಂ 177-ಎ ಪ್ರಕಾರ, ವಾಹನ ಚಾಲನಾ ನಿಯಮಗಳನ್ನ ಮುರಿದರೆ 500ಕ್ಕೆ ಕಡಿಮೆ ಇಲ್ಲದ, 1000 ರೂಪಾಯಿಗೆ ಮೀರದ ದಂಡ. ಅಡ್ಡಾದಿಡ್ಡಿ ಗಾಡಿ ಹಚ್ಚೋದು ಈ ನಿಯಮಗಳ ವ್ಯಾಪ್ತಿಗೂ ಬರ್ತದ. ಗಾಡಿ ನಿಲ್ಲಿಸಿ ಸಂಚಾರಕ್ಕೆ ಅಡ್ಡಿ ಮಾಡಿದರೆ ಕಲಂ 201ರ ಕೆಳಗೆ 500 ರೂಪಾಯಿ ತನಕ.

ಈ ಮಿತಿಯೊಳಗೆ ಸ್ಥಳದಲ್ಲೇ ಎಷ್ಟು ವಸೂಲಿ ಮಾಡಬೇಕು, ಯಾವ ದರ್ಜೆಯ ಅಧಿಕಾರಿ ಮಾಡಬೇಕು ಅನ್ನೋದನ್ನ ಕಲಂ 200ರ ಪ್ರಕಾರ ರಾಜ್ಯ ಸರಕಾರ ಅಧಿಸೂಚನೆ ಹೊರಡಿಸಿ ಹೇಳ್ತದ. ದಂಡ ಏರಿಸೋ ದಾರಿಗಳೂ ಕಾಯ್ದೆಯೊಳಗೇ ಅದಾವ. ವರ್ಷಕ್ಕೊಮ್ಮೆ ಏಪ್ರಿಲ್ 1ರಂದು ಶೇಕಡಾ 10ರ ತನಕ ಏರಿಸೋ ಅವಕಾಶ ಕೇಂದ್ರಕ್ಕಿದೆ. ಒಂದರಿಂದ ಹತ್ತು ಪಟ್ಟು ತನಕ ಗುಣಕ ಗೊತ್ತು ಮಾಡೋ ಅವಕಾಶ ಕಲಂ 210-ಎ ಕೆಳಗೆ ರಾಜ್ಯಕ್ಕಿದೆ. ಇಡೀ ಲೆಕ್ಕದಾಗ ಪಾಲಿಕೆ ಅನ್ನೋ ಶಬ್ದನೇ ಬರಂಗಿಲ್ಲ.

ದಂಡದ ರೊಕ್ಕ ಹೋಗೋದೂ ರಾಜ್ಯದ ಖಜಾನೆಗೆ. ಗಾಂಧಿ ಚೌಕದಾಗ ಕಟ್ಟಿದ ದಂಡದಿಂದ ಗಾಂಧಿ ಚೌಕದ ಗುಂಡಿ ಮುಚ್ತಾರ ಅನ್ನೋದು ತಪ್ಪು ತಿಳಿವಳಿಕೆ. ರಿಯಾಯಿತಿ ಕೊಡೋದೂ ರಾಜ್ಯವೇ. 2023ರ ಫೆಬ್ರವರಿಯಲ್ಲಿ ಬಾಕಿ ಉಳಿದ ಇ-ಚಲನ್‌ಗಳಿಗೆ ಶೇಕಡಾ 50 ರಿಯಾಯಿತಿ ಬಂದಾಗ, 2025ರ ಆಗಸ್ಟ್‌ನಲ್ಲಿ ಮತ್ತೆ ಬಂದಾಗ, ಆದೇಶ ಹೊರಬಿದ್ದದ್ದು ಬೆಂಗಳೂರಿನಿಂದ.

500 ರೂಪಾಯಿ ಅಂದ್ರ ಎಷ್ಟು ಅನ್ನೋದಕ್ಕ ಒಂದು ಹೋಲಿಕೆ. 2025-26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ದ್ರಾಕ್ಷಿ ಪಡಕ್ಕೆ ಔಷಧ ತರಾಕ ಬಂದ ಕೂಲಿಕಾರನಿಗೆ ಒಂದು ಚಲನ್ ಬಿದ್ದರೆ ಒಂದು ದಿನದ ದುಡಿಮೆ ಹೋಗಿ ಮರುದಿನದ್ದೂ ಸ್ವಲ್ಪ ಹೋಗ್ತದ. ಗಾಡಿ ಎತ್ತಿಕೊಂಡು ಹೋದರೆ ಆ ಖರ್ಚು ಬೇರೆ.

ಹಾಗಾದ್ರ ನೋ ಪಾರ್ಕಿಂಗ್ ಬೋರ್ಡ್ ಹಾಕೋರು ಯಾರು

ಇದು ಇನ್ನೂ ಗೊಂದಲದ ಪ್ರಶ್ನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಯಂಥ ನಗರಗಳಲ್ಲಿ ಪೊಲೀಸ್ ಕಮಿಷನರ್ ಇರ್ತಾರೆ. ವಿಜಯಪುರದಲ್ಲಿ ಇರೋದು ಎಸ್‌ಪಿ. ಹಿಂಗಾಗಿ ಇಲ್ಲಿ ಯಾವ ರಸ್ತೆ ನೋ ಪಾರ್ಕಿಂಗ್, ಯಾವುದು ಒನ್‌ವೇ, ಎಲ್ಲಿ ಆಟೋ ಸ್ಟ್ಯಾಂಡ್ ಅಂತ ಅಧಿಸೂಚನೆ ಹೊರಡಿಸೋರು ಜಿಲ್ಲಾಧಿಕಾರಿ. ಇಂಥ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಕಾಣೋದು ಮೋಟಾರು ವಾಹನ ಕಾಯ್ದೆಯ ಕಲಂ 115, 116, 117 ಮತ್ತು 1989ರ ಕರ್ನಾಟಕ ಮೋಟಾರು ವಾಹನ ನಿಯಮಾವಳಿಯ ನಿಯಮ 221-ಎ.

ಕಡತ ಓಡಾಡೋ ದಾರಿ ಸಾಧಾರಣವಾಗಿ ಹೀಗಿರ್ತದ. ಸಂಚಾರ ಪೊಲೀಸರು ರಸ್ತೆ ನೋಡಿ ಪ್ರಸ್ತಾವ ತಯಾರು ಮಾಡ್ತಾರೆ, ಎಸ್‌ಪಿ ಕಚೇರಿಯಿಂದ ಅದು ಡಿಸಿ ಕಚೇರಿಗೆ ಹೋಗ್ತದ, ಪಾಲಿಕೆಯ ಅಭಿಪ್ರಾಯ ಕೇಳ್ತಾರೆ, ಆಮೇಲೆ ಅಧಿಸೂಚನೆ. ಪಾರ್ಕಿಂಗ್ ಜಾಗ ಗೊತ್ತು ಮಾಡೋವಾಗ ಸ್ಥಳೀಯ ಸಂಸ್ಥೆ ಜೊತೆ ಸಮಾಲೋಚನೆ ಮಾಡಬೇಕು ಅಂತ ಕಲಂ 117ರಲ್ಲೇ ಬರೆದಿದೆ. ಪಾಲಿಕೆ ಸದಸ್ಯರು ಮಾತಾಡಬೇಕಾದ ಜಾಗ ಇದೇ. ಅಧಿಸೂಚನೆ ಆದ ಮೇಲೆ ಸಭೆಯಲ್ಲಿ ಟೇಬಲ್ ಗುದ್ದಿದ್ರ ಕಡತ ತಿರುಗಿ ಬರಂಗಿಲ್ಲ.

ಬೋರ್ಡ್ ಓದೋದ್ರಾಗೂ ಗೊಂದಲ ಐತಿ. ನೀಲಿ ವೃತ್ತದ ಮೇಲೆ ಕೆಂಪು ಅಂಚು, ಒಂದೇ ಕೆಂಪು ಅಡ್ಡಗೆರೆ ಇದ್ದರೆ ಅದು ನೋ ಪಾರ್ಕಿಂಗ್. ಗಾಡಿ ಬಿಟ್ಟು ಹೋಗೋ ಹಂಗಿಲ್ಲ ಅಂತ ಅರ್ಥ. ಎರಡು ಗೆರೆ ಸೇರಿ ಗುಣಾಕಾರದ ಚಿಹ್ನೆ ಆಗಿದ್ದರೆ ಅದು ನೋ ಸ್ಟಾಪಿಂಗ್. ಅಲ್ಲಿ ಮಂದಿ ಇಳಿಸೋದಕ್ಕೂ ನಿಲ್ಲೋ ಹಂಗಿಲ್ಲ. ದಿನ ಬಿಟ್ಟು ದಿನ ಪಾರ್ಕಿಂಗ್ ಮಾಡೋ ಪದ್ಧತಿಯೂ ರಾಜ್ಯದ ಹಲವು ಊರಾಗ ಐತಿ: ಸಮ ತಾರೀಖಿಗೆ ಒಂದು ಬದಿ, ಬೆಸ ತಾರೀಖಿಗೆ ಇನ್ನೊಂದು ಬದಿ. ಹಳ್ಳಿಯಿಂದ ಬಂದವರು ಇಂಥ ಬೋರ್ಡ್ ಮುಂದ ತಾರೀಖು ನೆನಪು ಮಾಡ್ಕೋತ ನಿಂತಿರ್ತಾರ.

ಬೋರ್ಡ್ ಇಲ್ಲ ಅಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಹಚ್ಚಬಹುದು ಅಂತಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಫುಟ್‌ಪಾತ್ ಮೇಲೆ, ಜೀಬ್ರಾ ಕ್ರಾಸಿಂಗ್ ಮೇಲೆ, ತಿರುವಿನಲ್ಲಿ, ಬಸ್ ಸ್ಟಾಪ್ ಹತ್ತಿರ, ಶಾಲೆ ಮತ್ತು ದವಾಖಾನಿ ಬಾಗಿಲ ಹತ್ತಿರ, ಇನ್ನೊಂದು ನಿಂತ ಗಾಡಿಯ ಪಕ್ಕಕ್ಕೆ ಗಾಡಿ ನಿಲ್ಲಿಸೋ ಹಂಗಿಲ್ಲ. ಪಾರ್ಕಿಂಗ್ ಅಂತ ಗುರುತು ಮಾಡದ ಹೊರತು ಚೌಕದ ಅಂಚಿನಿಂದ ಆ ಕಡೆ ಈ ಕಡೆ 50 ಮೀಟರ್ ಒಳಗೂ ಇಲ್ಲ. ಈ ಕೊನೇ ನಿಯಮವನ್ನ ಗಾಂಧಿ ಚೌಕದಿಂದ ಅಳೆಯಾಕ ಹತ್ತಿದ್ರ ಎಷ್ಟು ಗಾಡಿ ಉಳೀತಾವ ಅನ್ನೋದನ್ನ ಅಲ್ಲಿ ನಿಂತು ನೋಡಿದವರಿಗೆ ಹೇಳಬೇಕಾಗಿಲ್ಲ.

ಗಾಡಿ ಎತ್ತಿಕೊಂಡು ಹೋದರೆ

ಕಲಂ 127 ಸ್ಪಷ್ಟ ಐತಿ. ಸಾರ್ವಜನಿಕ ಜಾಗದಲ್ಲಿ 10 ತಾಸು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ದಿಕ್ಕಿಲ್ಲದೆ ಬಿಟ್ಟ ಗಾಡಿ, ಇಲ್ಲವೇ ಕಾನೂನುಪ್ರಕಾರ ಪಾರ್ಕಿಂಗ್ ನಿಷೇಧ ಇರೋ ಜಾಗದಲ್ಲಿ ನಿಂತ ಗಾಡಿಯನ್ನ ಎತ್ತಿಸಬಹುದು. ಆದರೆ ಅದಕ್ಕೆ ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿಯ ಅನುಮತಿ ಬೇಕು. ಟೋಯಿಂಗ್ ಗಾಡಿಯ ಖಾಸಗಿ ಹುಡುಗರು ತಾವಾಗಿಯೇ ಎತ್ತೋ ಹಂಗಿಲ್ಲ. ಎತ್ತಿದ ಖರ್ಚನ್ನ ಮಾಲೀಕರೇ ಕೊಡಬೇಕು, ದಂಡ ಅದರ ಮೇಲೆ.

ಈ ಖಾಸಗಿ ಟೋಯಿಂಗ್ ಎಷ್ಟು ಜಗಳಕ್ಕೆ ಕಾರಣ ಆಗ್ತದ ಅನ್ನೋದನ್ನ ಬೆಂಗಳೂರು ನೋಡಿದೆ. ಮೈಕಿನಲ್ಲಿ ಕೂಗದೇ ಎತ್ತಿದ್ರು, ಎತ್ತುವಾಗ ಗಾಡಿ ಜಖಂ ಮಾಡಿದ್ರು, ಮಾಲೀಕ ಓಡಿ ಬಂದ್ರೂ ಇಳಿಸಲಿಲ್ಲ ಅನ್ನೋ ದೂರು ಹೆಚ್ಚಾಗಿ, 2022ರ ಫೆಬ್ರವರಿ ಶುರುವಿನಲ್ಲಿ ಆಗಿನ ಸರಕಾರ ಅಲ್ಲಿ ಟೋಯಿಂಗ್ ನಿಲ್ಲಿಸಬೇಕಾಯ್ತು. ಜಿಲ್ಲಾ ಕೇಂದ್ರಗಳು ಹೊಸ ಟೋಯಿಂಗ್ ಗುತ್ತಿಗೆ ಕೊಡೋ ಮುಂಚೆ ಆ ಕಡತ ಒಮ್ಮೆ ತರಿಸಿ ಓದಿದ್ರ ಒಳ್ಳೇದು.

ದಂಡ ಒಪ್ಪಿಕೊಳ್ಳದ ಸವಾರನಿಗೆ ಕೋರ್ಟಿಗೆ ಹೋಗೋ ಹಕ್ಕಿದೆ. ಸ್ಥಳದಲ್ಲೇ ಕಟ್ಟೋದಾದರೆ ರಶೀದಿ ತಗೊಳ್ಳಲೇಬೇಕು. ರಶೀದಿ ಇಲ್ಲದೆ ಕೊಟ್ಟ ರೊಕ್ಕ ದಂಡ ಅನ್ನಿಸಿಕೊಳ್ಳಂಗಿಲ್ಲ, ಅದರ ಹೆಸರು ಬೇರೆ. ರಶೀದಿ ಮೇಲೆ ಯಾವ ಕಲಂ ಬರೆದಾರ ಅನ್ನೋದನ್ನೂ ನೋಡಬೇಕು, ಯಾಕಂದ್ರ ಮೇಲೆ ಹೇಳಿದಂತೆ ಕಲಂ ಬದಲಾದ್ರ ಮೊತ್ತನೂ ಬದಲಾಗ್ತದ.

ಪಾಲಿಕೆ ಕೈಯಾಗ ಏನೈತಿ

ವಿಜಯಪುರ ನಗರಸಭೆ ಮಹಾನಗರ ಪಾಲಿಕೆ ಆಗಿದ್ದು 2013ರಲ್ಲಿ. 35 ವಾರ್ಡುಗಳಿಗೆ 2022ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೀತು. ಪಾಲಿಕೆ ನಡೆಯೋದು 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆ ಮೇಲೆ. ಚುನಾಯಿತ ಸಭೆ ಇಲ್ಲದ ಕಾಲಕ್ಕೆ ಅದರ ಅಧಿಕಾರ ಸರಕಾರ ನೇಮಿಸಿದ ಆಡಳಿತಾಧಿಕಾರಿ ಕೈಯಾಗಿರ್ತದ.

ಮೊದಲನೇದು ಪಾರ್ಕಿಂಗ್ ಶುಲ್ಕ. ದಂಡ ಬೇರೆ, ಶುಲ್ಕ ಬೇರೆ. ಪಾಲಿಕೆ ತನ್ನ ಜಾಗದಲ್ಲಿ ಪೇ ಆಂಡ್ ಪಾರ್ಕ್ ಮಾಡಿ ತಾಸಿಗಿಷ್ಟು ಅಂತ ವಸೂಲಿ ಮಾಡಿದರೆ ಅದು ಪಾಲಿಕೆ ನಿಧಿಗೇ ಬರ್ತದ. ಇದಕ್ಕೆ ವಿಷಯ ಸ್ಥಾಯಿ ಸಮಿತಿಗಳ ಮುಂದೆ ಬರಬೇಕು. ರೊಕ್ಕದ ವಿಷಯ ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸಮಿತಿಗೆ, ಜಾಗದ ವಿಷಯ ನಗರ ಯೋಜನೆ ಮತ್ತು ಅಭಿವೃದ್ಧಿ ಸಮಿತಿಗೆ. ಆಮೇಲೆ ಸಾಮಾನ್ಯ ಸಭೆ. ಗುತ್ತಿಗೆ ಕೊಡೋದಾದರೆ ಟೆಂಡರ್. ಕಾಯಂ ನಿಯಮವೇ ಬೇಕು ಅಂದ್ರ ಕಲಂ 423ರ ಕೆಳಗೆ ಬೈಲಾ ಮಾಡಬೇಕು. ಅದಕ್ಕೆ ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆ ಕರೀಬೇಕು, ಕೊನೆಗೆ ಸರಕಾರದ ಮಂಜೂರಾತಿ ಬೇಕು.

ಇಲ್ಲೊಂದು ಮಾತು ಹಳ್ಳಿ ಕಡೆಯವರಿಗೆ ಮುಖ್ಯ. ನಿಡೋಣಿ ಮಂದಿಗೆ ವಿಜಯಪುರ ಪಾಲಿಕೆಯಲ್ಲಿ ವೋಟಿಲ್ಲ, ಹೇಳಿಕೊಳ್ಳಾಕ ಕಾರ್ಪೊರೇಟರ್ ಇಲ್ಲ. ಆದರೆ ಸಿಟಿ ಬಜಾರದ ವ್ಯಾಪಾರದ ದೊಡ್ಡ ಪಾಲು ಸುತ್ತಲಿನ ತಾಲೂಕುಗಳ ಮಂದಿಯದೇ. ಶುಲ್ಕ ಕಟ್ಟೋರು, ದಂಡ ಕಟ್ಟೋರು ಅವರೂ ಹೌದು. ಬೈಲಾದ ಕರಡಿಗೆ ಆಕ್ಷೇಪಣೆ ಕೊಡಾಕ ವಾರ್ಡಿನ ಮತದಾರ ಆಗಿರಬೇಕು ಅಂತಿಲ್ಲ, ಯಾರು ಬೇಕಾದ್ರೂ ಬರೆದು ಕೊಡಬಹುದು. ಸಿಟಿಯ ವ್ಯಾಪಾರಸ್ಥರ ಸಂಘದವರು ಬರೆದು ಕೊಡ್ತಾರ, ಹಳ್ಳಿ ಕಡೆಯಿಂದ ಕಾಗದ ಹೋಗೋದು ಅಪರೂಪ. ಹಿಂಗಾಗಿ ತಾಸಿಗೆ ಎಷ್ಟು ಅನ್ನೋ ಚರ್ಚೆ ಅಂಗಡಿಯವರ ಅನುಕೂಲದ ಸುತ್ತಲೇ ತಿರುಗೋ ಸಾಧ್ಯತೆ ಹೆಚ್ಚು.

ಅಂಗಡಿಯವರ ಭಯಾನೂ ಸುಳ್ಳಲ್ಲ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಪೇ ಪಾರ್ಕಿಂಗ್ ಮಾತು ಬಂದಾಗ ವ್ಯಾಪಾರಸ್ಥರು ವಿರೋಧಿಸಿದ್ದು, ಗಿರಾಕಿ ಬೇರೆ ಕಡೆ ಹೋಗ್ತಾರೆ ಅನ್ನೋ ಕಾರಣಕ್ಕೆ. ಆದರೆ ಬಜಾರದಾಗ ಬೆಳಗ್ಗೆಯಿಂದ ಸಂಜೆ ತನಕ ಕದಲದೆ ನಿಲ್ಲೋ ಗಾಡಿಗಳು ಯಾರವು ಅಂತ ನೋಡಿದ್ರ, ಬಹಳಷ್ಟು ಸಲ ಅಂಗಡಿ ಮಾಲೀಕರದು, ಕೆಲಸದವರದು ಇರ್ತಾವ. ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ ಇಡೀ ಬದುಕು ಇದೊಂದೇ ವಿಷಯದ ಮೇಲೆ ಅಧ್ಯಯನ ಮಾಡಿ 2005ರಲ್ಲಿ ದೊಡ್ಡ ಪುಸ್ತಕ ಬರೆದರು. ಅವರ ಲೆಕ್ಕ ಸರಳ: ನೂರು ಜಾಗದಲ್ಲಿ 85 ತುಂಬಿ 15 ಖಾಲಿ ಇರೋ ಹಂಗ ಶುಲ್ಕ ಇಡಬೇಕು, ಮತ್ತು ಬಂದ ರೊಕ್ಕವನ್ನ ಅದೇ ಬೀದಿಗೆ ಖರ್ಚು ಮಾಡಬೇಕು. ಅವರು ಹೇಳಿದ್ದು ಅಲ್ಲಿನ ಕಾರುಗಳ ಊರಿಗೆ, ನಮ್ಮದು ಬೈಕು, ಟಂಟಂ, ಟಾಂಗಾ ಎಲ್ಲ ಕೂಡಿದ ಊರು. ಆದರೂ ಮೊದಲ ಅರ್ಧ ತಾಸು ಪುಕ್ಕಟೆ ಬಿಟ್ಟು, ಇಡೀ ದಿನ ನಿಲ್ಲೋ ಗಾಡಿಗೆ ದರ ಏರಿಸೋದು ಇಲ್ಲೂ ಆಗದ ಮಾತಲ್ಲ. ಹಂಗ ಮಾಡಿದ್ರ ಸಂತಿಗೆ ಬಂದ ರೈತನಿಗೆ ಭಾರ ಬೀಳಂಗಿಲ್ಲ.

ನೆಲಮಾಳಿಗೆ ಎಲ್ಲಿ ಹೋದವು

ಪಾಲಿಕೆ ಕೈಯಾಗಿರೋ ಎರಡನೇ ಅಧಿಕಾರ ಇನ್ನೂ ದೊಡ್ಡದು. ಕಾಂಪ್ಲೆಕ್ಸ್, ದವಾಖಾನಿ, ಕಲ್ಯಾಣ ಮಂಟಪ ಕಟ್ಟೋವಾಗ ನಕ್ಷೆಯಲ್ಲಿ ಇಷ್ಟು ಪಾರ್ಕಿಂಗ್ ಅಂತ ತೋರಿಸಿಯೇ ಪರವಾನಗಿ ತಗೊಂಡಿರ್ತಾರೆ. ಕಟ್ಟಡ ಆದ ಮೇಲೆ ಕಲಂ 310ರ ಪ್ರಕಾರ ಪೂರ್ಣಗೊಂಡ ಪ್ರಮಾಣಪತ್ರ ಬೇಕು. ನಕ್ಷೆಯಲ್ಲಿ ಪಾರ್ಕಿಂಗ್ ಅಂತ ಇದ್ದ ನೆಲಮಾಳಿಗೆ ಗೋದಾಮು, ಅಂಗಡಿ, ಲ್ಯಾಬ್ ಆದರೆ ಅದರ ಗಾಡಿಗಳೆಲ್ಲ ರಸ್ತೆಗೆ ಬರ್ತಾವ. ಪರವಾನಗಿಗೆ ವಿರುದ್ಧವಾಗಿ ಕಟ್ಟಿದ್ದರೆ ಇಲ್ಲಾ ಬದಲಾಯಿಸಿದ್ದರೆ ಕಲಂ 321ರ ಕೆಳಗೆ ಪಾಲಿಕೆ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಕೊಟ್ಟು ಕಾರಣ ಕೇಳಬಹುದು, ಉತ್ತರ ಸರಿ ಇಲ್ಲದಿದ್ದರೆ ಆದೇಶ ಖಾಯಂ ಮಾಡಿ ತೆರವು ಮಾಡಿಸಬಹುದು. ರಸ್ತೆ, ಫುಟ್‌ಪಾತ್ ಮೇಲಿನ ಕಟ್ಟೆ, ಮೆಟ್ಟಿಲು, ತಗಡಿನ ಶೆಡ್ ತೆಗೆಸಾಕ ಕಲಂ 288 ಮತ್ತು ಅದರ ಉಪಕಲಂಗಳು ಅದಾವ.

ಈ ಕೆಲಸಕ್ಕೆ ಹೊಸ ನಿಯಮ ಬೇಕಾಗಿಲ್ಲ, ಬೆಂಗಳೂರಿಗೆ ಕಡತ ಕಳಿಸಬೇಕಾಗಿಲ್ಲ. ಬೈಕಿನವನಿಗೆ 500 ರೂಪಾಯಿ ಚಲನ್ ಒಂದು ನಿಮಿಷದಾಗ ಆಗ್ತದ. ಅವನ ಗಾಡಿಗೆ ಇದ್ದ ಜಾಗ ನುಂಗಿದ ಕಟ್ಟಡಕ್ಕೆ ನೋಟಿಸ್ ಕೊಡಾಕ ವರ್ಷಗಟ್ಟಲೆ ಹಿಡಿದ್ರ ನಿಯಮದ ಬಗ್ಗೆ ಮಂದಿಗೆ ಮರ್ಯಾದಿ ಹೆಂಗ ಉಳೀತದ?

ಯಾವ ಕಟ್ಟಡಕ್ಕೆ ಎಷ್ಟು ಪಾರ್ಕಿಂಗ್ ಮಂಜೂರಾಗಿತ್ತು ಅನ್ನೋದು ಪಾಲಿಕೆಯ ಕಡತದಲ್ಲೇ ಇರ್ತದ. 2005ರ ಮಾಹಿತಿ ಹಕ್ಕು ಕಾಯ್ದೆ ಕೆಳಗೆ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ನೋ ಪಾರ್ಕಿಂಗ್ ಅಧಿಸೂಚನೆಯ ಪ್ರತಿ ಬೇಕಾದರೆ ಅರ್ಜಿ ಡಿಸಿ ಕಚೇರಿಗೆ.

ಬಹುಮಹಡಿ ಪಾರ್ಕಿಂಗ್ ಕಟ್ಟಬಹುದಲ್ಲ?

ಎಲ್ಲರೂ ಹೇಳೋ ಸಲಹೆ ಇದು. ವಿಜಯಪುರದಾಗ ಇದಕ್ಕೊಂದು ಬೇರೆ ಊರಿಗಿಲ್ಲದ ತೊಡಕೈತಿ. ಊರಿನ ನಡುವೆಯೇ ಗಗನ ಮಹಲ್, ಆಸರ್ ಮಹಲ್, ಬಾರಾ ಕಮಾನ್, ಜಾಮಿಯಾ ಮಸೀದಿ, ಸುತ್ತ ಆದಿಲ್‌ಶಾಹಿ ಕಾಲದ ಕೋಟೆ ಗೋಡೆ, ಅಗಸಿಗಳು. ಕೇಂದ್ರದ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ನಿಷೇಧಿತ ಪ್ರದೇಶದಲ್ಲಿ ಸರಕಾರಿ ಯೋಜನೆ ಆದ್ರೂ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ತಗೊಂಡೇ ಕಟ್ಟಬೇಕು, ಎತ್ತರಕ್ಕೂ ಮಿತಿ ಬೀಳಬಹುದು. ನಡು ಬಜಾರದ ನಕ್ಷೆ ಮೇಲೆ ಈ ವೃತ್ತಗಳನ್ನ ಎಳೆದು ನೋಡಿದ್ರ ಉಳಿಯೋ ಜಾಗ ಕಡಿಮೆ.

2011ರ ಜನಗಣತಿಯಲ್ಲೇ ಊರಿನ ಜನಸಂಖ್ಯೆ 3,27,427 ಇತ್ತು, ಗೋಡೆಯೊಳಗಿನ ರಸ್ತೆ ಮಾತ್ರ ಅವೇ. ಹಿಂಗಾಗಿ ಇಲ್ಲಿ ಹೆಚ್ಚು ಕೆಲಸಕ್ಕೆ ಬರೋದು ಇರೋ ನೆಲಮಾಳಿಗೆ ಬಿಡಿಸೋದು, ಪಾಲಿಕೆಯ ಬಯಲು ಜಾಗಗಳಿಗೆ ಗೆರೆ ಹಾಕೋದು, ಸರಕು ಇಳಿಸೋ ಲಾರಿಗಳಿಗೆ ಹೊತ್ತು ಗೊತ್ತು ಮಾಡೋದು.

ಗೆರೆ ಹಾಕೋವಾಗ ಬೀದಿ ವ್ಯಾಪಾರಿಗಳನ್ನ ಮರೆಯೋ ಹಂಗಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರ ಜಾಗ ಬದಲಾಯಿಸಬೇಕಾದರೆ ಪಟ್ಟಣ ವ್ಯಾಪಾರ ಸಮಿತಿ ಮುಂದೆ ವಿಷಯ ಬರಬೇಕು, ನೋಟಿಸ್ ಕೊಡಬೇಕು. ಕಾಯಿಪಲ್ಲೆ ಬುಟ್ಟಿ ಎಬ್ಬಿಸಿ ಕಾರಿಗೆ ಜಾಗ ಮಾಡೋದು ಪಾರ್ಕಿಂಗ್ ಸುಧಾರಣೆ ಹೆಸರಿನಾಗ ಬಹಳ ಊರಾಗ ಆಗಿದ್ದೇ. ಆ ಬುಟ್ಟಿ ಹೊತ್ತು ಬರೋರೂ ಹಳ್ಳಿ ಕಡೆಯವರೇ.

ಜಾತ್ರಿ ಕಾಲದ ಬೋರ್ಡ್

ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ಬಂದಾಗ ಸಂಚಾರ ಬದಲಾವಣೆ ಆಗ್ತದ. ಇಂಥ ತಾತ್ಕಾಲಿಕ ನಿರ್ಬಂಧಕ್ಕೆ ಕಲಂ 115ರಲ್ಲಿ ಬೇರೆ ದಾರಿ ಐತಿ. ಒಂದು ತಿಂಗಳಿಗೆ ಮೀರದ ನಿರ್ಬಂಧ ಆದರೆ ಗೆಜೆಟ್ ಅಧಿಸೂಚನೆ ಬೇಕಾಗಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಒಂದು ತಿಂಗಳಿಗಿಂತ ಹೆಚ್ಚು ದಿನ ನಡೆಸಬೇಕಾದರೆ ಅಧಿಸೂಚನೆ ಬೇಕೇ ಬೇಕು. ಜಾತ್ರಿ ಮುಗಿದು ವಾರಗಟ್ಟಲೆ ಆದ ಮೇಲೂ ತಗಡಿನ ಬೋರ್ಡ್ ಅಲ್ಲೇ ನಿಂತಿದ್ದು, ಅದರ ಆಧಾರದ ಮೇಲೆ ಯಾರಾದ್ರೂ ಚಲನ್ ಹರಿದ್ರ, ಆದೇಶದ ತಾರೀಖು ತೋರಿಸ್ರಿ ಅಂತ ಕೇಳೋ ಹಕ್ಕು ಗಾಡಿಯವನಿಗೆ ಐತಿ.